ಎಂಟೇ ಜಾಗ, ಎರಡು ವೃತ್ತಿ: ತಂಗಿಯ ಮಗಳಿಗೊಂದು ಕಿವಿಮಾತು

ನಿನ್ನ ಪ್ರಶ್ನೆ ಚೆನ್ನಾಗಿದೆ ಕಣಮ್ಮ. ಬರಾನಗರದ ಹಾಸ್ಟೆಲ್‌ನಲ್ಲಿ ಗೆಳತಿಯರ ಜೊತೆ ಗಿಲ್ಡ್ ವಾರ್ಸ್ ಅನ್ನುವ ಕಂಪ್ಯೂಟರ್ ಆಟ ಶುರು ಮಾಡಿದ್ದೀಯ. ಮೊದಲ ವೃತ್ತಿ ರೇಂಜರ್ ಅಂತ ಆಗಿದೆ. ಎರಡನೆಯದಕ್ಕೆ ಯಾವುದನ್ನು ತಗೊಳ್ಳಲಿ, ಎಂಟು ಸ್ಕಿಲ್ ಹೇಗೆ ಆರಿಸಲಿ ಅಂತ ಕೇಳಿದ್ದೀಯ. ಇದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ಈ ಆಟದ ಜೊತೆ ನನ್ನ ಒಡನಾಟ ಹಳೆಯದು, ಅದರ ಮೇಲೆ ನನಗೆ ಪ್ರೀತಿಯೂ ಇದೆ. ಅದಕ್ಕೇ ಲೇಕ್ ಮಾರ್ಕೆಟ್‌ನ ಮನೆಯಲ್ಲಿ ಕೂತು ನಿಧಾನವಾಗಿ ಬರೆಯುತ್ತಿದ್ದೇನೆ. ನೀನೂ ನಿಧಾನವಾಗಿ ಓದು.

ಹೇಳಬೇಕಾದ ಮುಖ್ಯ ಮಾತು ಒಂದೇ. ಎರಡನೇ ವೃತ್ತಿ ಇರುವುದು ಮೊದಲನೆಯದರ ಕೊರತೆಗೆ ತೇಪೆ ಹಾಕೋಕಲ್ಲ. ಮೊದಲನೆಯದರ ಬಲವನ್ನು ಇನ್ನೊಂದು ಕಡೆ ದುಡಿಸಿಕೊಳ್ಳೋಕೆ. ಇದು ತಲೆಗೆ ಹತ್ತಿದರೆ ಸ್ಕಿಲ್ ಆರಿಸುವ ಕೆಲಸ ಮುಕ್ಕಾಲು ಮುಗಿದ ಹಾಗೆ.

ಒಂದು ಪಾತ್ರಕ್ಕೆ ಎರಡು ವೃತ್ತಿ ಕೊಡುವ ಪದ್ಧತಿ ಕಂಪ್ಯೂಟರ್‌ನಲ್ಲಿ ಹುಟ್ಟಿದ್ದಲ್ಲ. 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಮೇಜಿನ ಆಟದ ಪರಂಪರೆಯಿಂದ ಬಂದದ್ದು. ಅದರ ಹಳೆಯ ನಿಯಮ ಕಠಿಣವಾಗಿತ್ತು. ಮನುಷ್ಯ ಪಾತ್ರವೊಂದು ಎರಡನೇ ವೃತ್ತಿ ಹಿಡಿದರೆ ಮೊದಲನೆಯದನ್ನು ಅಲ್ಲಿಗೇ ನಿಲ್ಲಿಸಬೇಕಿತ್ತು. ಹೊಸದರಲ್ಲಿ ಹಳೆಯ ಮಟ್ಟವನ್ನು ದಾಟುವವರೆಗೆ ಹಳೆಯ ವಿದ್ಯೆ ಕೈಗೆ ಸಿಗುತ್ತಿರಲಿಲ್ಲ. 1998ರ ಬಾಲ್ಡರ್ಸ್ ಗೇಟ್ ಆಡಿದವರಿಗೆ ಆ ಕಷ್ಟ ಗೊತ್ತು. 2005ರ ಏಪ್ರಿಲ್ 28ರಂದು ಬಿಡುಗಡೆಯಾದ ಗಿಲ್ಡ್ ವಾರ್ಸ್ ಆ ಗೋಜನ್ನು ತೆಗೆದುಹಾಕಿತು. ಎರಡೂ ವೃತ್ತಿ ಒಟ್ಟಿಗೇ ಇರುತ್ತವೆ, ಲೆವೆಲ್ 20ಕ್ಕೇ ನಿಲ್ಲುತ್ತದೆ, ತಿಂಗಳ ಚಂದಾ ಇಲ್ಲ. ಸಾವಿರಕ್ಕೂ ಮಿಕ್ಕಿ ಸ್ಕಿಲ್‌ಗಳಿವೆ. ಆದರೆ ಊರು ಬಿಟ್ಟು ಹೊರಡುವಾಗ ಜೊತೆಗೆ ಒಯ್ಯಬಹುದಾದದ್ದು ಎಂಟೇ ಎಂಟು. ಹೊರಗೆ ಕಾಲಿಟ್ಟ ಮೇಲೆ ಒಂದನ್ನೂ ಬದಲಿಸುವ ಹಾಗಿಲ್ಲ. ಆಟದ ರುಚಿಯೆಲ್ಲ ಇರುವುದು ಈ ಕಟ್ಟಿನಲ್ಲೇ.

ಈಗ ಎರಡು ವೃತ್ತಿಗಳ ಕ್ರಮ ನೋಡು. ಮೊದಲ ಆಟದಲ್ಲಿ ಆರು ವೃತ್ತಿಗಳಿದ್ದವು. 2006ರಲ್ಲಿ ಬಂದ ಎರಡು ಕಂತುಗಳಲ್ಲಿ ಎರಡೆರಡು ಸೇರಿ ಹತ್ತಾದವು. ರೇಂಜರ್ ಮೊದಲು, ಮಾಂಕ್ ಆಮೇಲೆ ಅನ್ನುವುದೂ, ಮಾಂಕ್ ಮೊದಲು, ರೇಂಜರ್ ಆಮೇಲೆ ಅನ್ನುವುದೂ ಒಂದೇ ಅಲ್ಲ. ಪ್ರತಿ ವೃತ್ತಿಗೂ ಒಂದು ಮೂಲಗುಣ ಉಂಟು, ಅದು ಆ ವೃತ್ತಿಯನ್ನು ಮೊದಲನೆಯದಾಗಿ ಹಿಡಿದವರಿಗೆ ಮಾತ್ರ ದಕ್ಕುತ್ತದೆ. ನಿನ್ನ ರೇಂಜರ್‌ಗೆ ಅದು ಎಕ್ಸ್‌ಪರ್ಟೀಸ್, ಅಂದರೆ ಕಡಿಮೆ ಎನರ್ಜಿಯಲ್ಲಿ ಕೆಲಸ ಮುಗಿಸುವ ಗುಣ. ಮಾಂಕ್‌ಗೆ ಡಿವೈನ್ ಫೇವರ್. ಇನ್ನೊಬ್ಬರ ಮೇಲೆ ಮಂತ್ರ ಹಾಕಿದಾಗಲೆಲ್ಲ ಅವರಿಗೆ ಹೆಚ್ಚುವರಿ ಹೆಲ್ತ್ ಸಿಗುತ್ತದೆ, 12ರ ಮಟ್ಟದಲ್ಲಿ ಸುಮಾರು 38. ನೆಕ್ರೊಮ್ಯಾನ್ಸರ್‌ಗೆ ಸೋಲ್ ರೀಪಿಂಗ್, ಹತ್ತಿರದಲ್ಲಿ ಯಾರೇ ಸತ್ತರೂ ಎನರ್ಜಿ ಬರುತ್ತದೆ. ಎಲಿಮೆಂಟಲಿಸ್ಟ್‌ಗೆ ಎನರ್ಜಿಯ ದೊಡ್ಡ ಉಗ್ರಾಣ. ಕಥೆಯಲ್ಲಿ ಒಂದು ಹಂತ ದಾಟಿದ ಮೇಲೆ ಎರಡನೇ ವೃತ್ತಿಯನ್ನು ಬೇಕಾದಾಗ ಬದಲಿಸಬಹುದು, ಮೊದಲನೆಯದನ್ನು ಎಂದಿಗೂ ಬದಲಿಸಲಾಗದು. ಆದ್ದರಿಂದ ಲೆಕ್ಕ ಯಾವಾಗಲೂ ಮೊದಲನೆಯದರಿಂದಲೇ ಶುರುವಾಗಬೇಕು.

ಹೊಸಬರು ಮಾಡುವ ದೊಡ್ಡ ತಪ್ಪನ್ನು ಹತ್ತಿರದಿಂದ ತೋರಿಸುತ್ತೇನೆ. ಕತ್ತಿ ಹಿಡಿದ ವಾರಿಯರ್ ಒಬ್ಬ. ಅವನಿಗೊಂದು ಆಸೆ: ಪೆಟ್ಟು ಬಿದ್ದರೆ ನನ್ನ ಗಾಯ ನಾನೇ ಮಾಯಿಸಿಕೊಳ್ಳಬೇಕು, ಯಾರ ಹಂಗೂ ಬೇಡ. ಎರಡನೇ ವೃತ್ತಿ ಮಾಂಕ್ ಅಂತ ಆರಿಸುತ್ತಾನೆ. ಅವನ ಎನರ್ಜಿ 20. ಎನರ್ಜಿ ತೋರಿಸುವ ಪಟ್ಟಿಯ ಮೇಲೆ ಎರಡೇ ಬಾಣದ ಗುರುತು, ಅಂದರೆ 3 ಸೆಕೆಂಡಿಗೆ 2 ಎನರ್ಜಿ ಮರಳುತ್ತದೆ. 10 ಎನರ್ಜಿಯ ಹೀಲ್ ಒಂದನ್ನು ಹಾಕಿದ ಅಂತಿಟ್ಟುಕೋ. ಅರ್ಧ ಪಟ್ಟಿ ಖಾಲಿ. ಅದು ತುಂಬಲು 15 ಸೆಕೆಂಡು ಬೇಕು. ನಿಜವಾದ ಮಾಂಕ್‌ಗೆ ನಾಲ್ಕು ಬಾಣ ಇರುವುದರಿಂದ ಅದೇ ಕೆಲಸ ಅರ್ಧ ಹೊತ್ತಿನಲ್ಲಿ ಆಗುತ್ತದೆ, ಮೇಲೆ ಡಿವೈನ್ ಫೇವರ್‌ನ ಲಾಭ ಬೇರೆ. ವಾರಿಯರ್‌ಗೆ ಆ ಲಾಭ ಇಲ್ಲ. ಹೋಗಲಿ, ಮೆಂಡಿಂಗ್ ಅನ್ನುವ ಮಾಂಕ್ ಮಂತ್ರ ಹಾಕಿಕೊಂಡು ನಿಲ್ಲುತ್ತೇನೆ ಅಂದರೆ, ಆ ಮಂತ್ರ ಜಾರಿಯಲ್ಲಿರುವಷ್ಟು ಹೊತ್ತೂ ಒಂದು ಬಾಣವನ್ನು ನುಂಗುತ್ತದೆ. ಎರಡರಲ್ಲಿ ಒಂದು ಹೋದರೆ ಉಳಿದದ್ದು ಒಂದೇ. ಹಳೆಯ ಆಟಗಾರರು ಇಂಥವರನ್ನು ವ್ಯಾಮೊ ಅಂತ ಕರೆಯುತ್ತಾರೆ. ಹೀಲ್ ಮಾಡುತ್ತ ನಿಂತಷ್ಟು ಹೊತ್ತು ಅವನ ಕತ್ತಿ ಬೀಸುವುದಿಲ್ಲ. ಅತ್ತ ವೈರಿ ಸಾಯುವುದಿಲ್ಲ, ಇತ್ತ ಗಾಯವೂ ಪೂರ್ತಿ ಮಾಯುವುದಿಲ್ಲ.

ಅದೇ ವಾರಿಯರ್ ಎಲಿಮೆಂಟಲಿಸ್ಟನ್ನು ಎರಡನೆಯದಾಗಿ ತಗೊಂಡು ಶಾಕ್ ಅನ್ನುವ ಒಂದೇ ಒಂದು ಸ್ಕಿಲ್ ಆರಿಸಿದ ಅಂತಿಟ್ಟುಕೋ. ಖರ್ಚು 5 ಎನರ್ಜಿ. ಮುಟ್ಟಿದ ವೈರಿ ನೆಲಕ್ಕೆ ಬೀಳುತ್ತಾನೆ, ಅವನು ಹಾಕುತ್ತಿದ್ದ ಮಂತ್ರ ಅಲ್ಲೇ ಮುರಿಯುತ್ತದೆ. ಮಿಂಚಿನ ವಿದ್ಯೆಗೆ ಒಂದು ಪಾಯಿಂಟ್ ಹಾಕದಿದ್ದರೂ ಬೀಳಿಸುವ ಗುಣ ಕೆಡುವುದಿಲ್ಲ. ಸ್ವಲ್ಪ ಹೊತ್ತು ಎನರ್ಜಿಯ ಮಿತಿ 10ರಷ್ಟು ಇಳಿಯುತ್ತದೆ ನಿಜ. ಆದರೆ ವಾರಿಯರ್‌ನ ದೊಡ್ಡ ಹೊಡೆತಗಳೆಲ್ಲ ಎನರ್ಜಿಯ ಬದಲು, ಹೊಡೆದಷ್ಟೂ ತುಂಬುವ ಅಡ್ರಿನಲಿನ್ ಮೇಲೆ ನಡೆಯುವುದರಿಂದ ಅವನಿಗೆ ಅದು ಅಷ್ಟಾಗಿ ಬಾಧಿಸದು. ವೈರಿಯ ಮೈಮೇಲೇ ನಿಂತು ಹೊಡೆಯುವವನಿಗೆ ಮುಟ್ಟಿ ಬೀಳಿಸುವ ವಿದ್ಯೆ ಒದಗುತ್ತದೆ. ಕೊಡಲಿ ಹಿಡಿದು ಶಾಕ್ ಹಾಕುವ ವಾರಿಯರ್ ಈ ಆಟದ ಪಂದ್ಯಗಳಲ್ಲಿ ವರ್ಷಗಟ್ಟಲೆ ಮೆರೆದದ್ದು ಇದೇ ಕಾರಣಕ್ಕೆ. ಮೊದಲನೆಯ ಆಯ್ಕೆ ವಾರಿಯರ್‌ನ ಬಡತನದ ಮೇಲೆ ಸಾಲ ಹೇರಿತು, ಎರಡನೆಯದು ಅವನ ಜಾಗವನ್ನೂ ಅಡ್ರಿನಲಿನ್ ಬಲವನ್ನೂ ಬಳಸಿಕೊಂಡಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ಎನರ್ಜಿ ಪಟ್ಟಿಗೂ ಅನ್ವಯಿಸುತ್ತದೆ.

ಇನ್ನು ಜಾಣ ಜೋಡಿಗಳ ಕಡೆ ಬರೋಣ. ನೆಕ್ರೊಮ್ಯಾನ್ಸರ್ ಮೊದಲು, ರಿಚುವಲಿಸ್ಟ್ ಎರಡನೆಯದು. ಹೆಸರು ಕೇಳಿದರೆ ಶಾಪ ಹಾಕುವವನು ಅನ್ನಿಸುತ್ತದೆ, ಮಾಡುವ ಕೆಲಸ ಹೀಲ್. ಸೋಲ್ ರೀಪಿಂಗ್ 12ರಲ್ಲಿದ್ದರೆ ಒಂದು ಸಾವಿಗೆ 12 ಎನರ್ಜಿ, 15 ಸೆಕೆಂಡಿನೊಳಗೆ ಮೂರು ಸಲ ಸಿಗುತ್ತದೆ. ಕಾಳಗ ಎಷ್ಟೇ ಜೋರಾದರೂ ಅವನ ಕೈ ಬರಿದಾಗುವುದಿಲ್ಲ. ರಿಚುವಲಿಸ್ಟ್‌ನ ನೇರ ಹೀಲ್‌ಗಳು ಆ ವೃತ್ತಿಯ ಸ್ವಂತ ಮೂಲಗುಣಕ್ಕೆ ಅಂಟಿಕೊಂಡಿಲ್ಲ, ಹಾಗಾಗಿ ಎರವಲು ತಂದರೂ ಅವುಗಳ ಸತ್ವ ಉಳಿಯುತ್ತದೆ. ಮಾಂಕ್‌ನ ಹೀಲ್‌ಗಳನ್ನು ಎರವಲು ತಂದರೆ ಡಿವೈನ್ ಫೇವರ್ ಹಿಂದೆಯೇ ಉಳಿದುಬಿಡುತ್ತದೆ. ಎರಡನೇ ವೃತ್ತಿಯಿಂದ ಏನನ್ನಾದರೂ ತರುವಾಗ ನೀನು ನೋಡಬೇಕಾದದ್ದು ಇದನ್ನೇ: ಮೂಲಗುಣದ ಆಸರೆ ಇಲ್ಲದೆಯೂ ಅದು ನಿಲ್ಲುತ್ತದೆಯೇ?

ನಿನ್ನ ರೇಂಜರ್‌ಗೂ ಇಂಥದೊಂದು ಹೆಸರಾಂತ ಜೋಡಿ ಇದೆ. ಎಕ್ಸ್‌ಪರ್ಟೀಸ್‌ನ ಒಂದೊಂದು ಮೆಟ್ಟಿಲಿಗೆ ಎನರ್ಜಿ ಖರ್ಚು ನೂರಕ್ಕೆ 4ರಂತೆ ಇಳಿಯುತ್ತದೆ. ಇಳಿಯುವುದು ರೇಂಜರ್‌ನ ಸ್ವಂತ ಸ್ಕಿಲ್‌ಗಳಿಗೆ ಮಾತ್ರವಲ್ಲ, ಮುಟ್ಟಿ ಮಾಡುವ ಸ್ಕಿಲ್ ಯಾವ ವೃತ್ತಿಯದಾದರೂ ಸರಿ. ನೆಕ್ರೊಮ್ಯಾನ್ಸರ್‌ನ ವ್ಯಾಂಪಿರಿಕ್ ಟಚ್, ವ್ಯಾಂಪಿರಿಕ್ ಬೈಟ್ ಎರಡಕ್ಕೂ ತಲಾ 15 ಎನರ್ಜಿ. ನೆಕ್ರೊಮ್ಯಾನ್ಸರ್ ತಾನೇ ಬಳಸಿದರೆ ಪೂರ್ತಿ 15 ತೆರಬೇಕು. ಎಕ್ಸ್‌ಪರ್ಟೀಸ್ 12 ಇರುವ ರೇಂಜರ್‌ಗೆ 8 ಸಾಕು. ಇನ್ನೊಬ್ಬರ ವಿದ್ಯೆಯನ್ನು ಅವರಿಗಿಂತ ಅಗ್ಗದಲ್ಲಿ ನಡೆಸುವುದು ಅಂದರೆ ಇದೇ.

ಪಾಯಿಂಟ್‌ಗಳ ಲೆಕ್ಕಕ್ಕೆ ಬಂದರೆ ಸ್ಟಾಟಿಸ್ಟಿಕ್ಸ್ ಓದುವ ನಿನಗೆ ಹೆಚ್ಚು ಹೇಳಬೇಕಾಗಿಲ್ಲ. ಲೆವೆಲ್ 20ರಲ್ಲಿ, ಅದಕ್ಕೆಂದೇ ಇರುವ ಕೆಲಸಗಳನ್ನೂ ಮುಗಿಸಿದರೆ, ಕೈಯಲ್ಲಿ 200 ಅಟ್ರಿಬ್ಯೂಟ್ ಪಾಯಿಂಟ್. ಮೆಟ್ಟಿಲ ಬೆಲೆ ಒಂದೇ ಸಮ ಇಲ್ಲ. ಮೊದಲ ಏಳು ಮೆಟ್ಟಿಲಿಗೆ 1ರಿಂದ 7, ಆಮೇಲೆ 9, 11, 13, 16, 20. ಒಟ್ಟು 12 ಹತ್ತಲು 97. ಎರಡು ಗುಣಗಳನ್ನು 12ಕ್ಕೆ ಏರಿಸಿದರೆ 194 ಹೋಗಿ 6 ಉಳಿಯುತ್ತದೆ, ಮೂರನೆಯದು 3ಕ್ಕೆ ನಿಲ್ಲುತ್ತದೆ. 12, 10, 8 ಅಂತ ಹಂಚಿದರೆ 195. ಹನ್ನೆರಡನೇ ಮೆಟ್ಟಿಲೊಂದಕ್ಕೇ 20 ತೆರಬೇಕು, ಸೊನ್ನೆಯಿಂದ 5ರವರೆಗೆ ಹತ್ತಲು 15 ಸಾಕು. ತುದಿಯ ಮೆಟ್ಟಿಲು ಅಷ್ಟು ಬೆಲೆಗೆ ತಕ್ಕುದೇ ಅಂತ ಪ್ರತಿ ಸಲ ತೂಗಿ ನೋಡು. ಇನ್ನೊಂದು: ಕವಚಕ್ಕೆ ಕೂರಿಸುವ ರೂನ್, ತಲೆಯ ಮೇಲಿನ ಕವಚ ಇವುಗಳಿಂದ ಬರುವ ಏರಿಕೆ ಮೊದಲ ವೃತ್ತಿಯ ಗುಣಗಳಿಗೆ ಮಾತ್ರ. ಅವು 16ರವರೆಗೆ ಹೋಗಬಲ್ಲವು, ಎರಡನೇ ವೃತ್ತಿಯವು ಪಾಯಿಂಟ್ ಹಾಕಿದಷ್ಟಕ್ಕೇ, 12ಕ್ಕೇ ನಿಲ್ಲುತ್ತವೆ. ಹಾಗಂತ ಎಲ್ಲದಕ್ಕೂ ಸುಪೀರಿಯರ್ ರೂನ್ ಹಾಕಬೇಡ. ಅದೊಂದೊಂದೂ 75 ಹೆಲ್ತ್ ಕಿತ್ತುಕೊಳ್ಳುತ್ತದೆ, ಲೆವೆಲ್ 20ರಲ್ಲಿ ಇರುವುದೇ 480.

ಇಷ್ಟಾದ ಮೇಲೆ ಎಂಟು ಜಾಗ. ಮೊದಲ ಜಾಗ ಎಲೀಟ್ ಅನ್ನುವ ವಿಶೇಷ ಸ್ಕಿಲ್‌ಗೆ. ಎಂಟರಲ್ಲಿ ಒಂದೇ ಎಲೀಟ್ ಇರಬಹುದು. ಅದು ಅಂಗಡಿಯಲ್ಲಿ ಸಿಗುವುದಲ್ಲ, ಅದನ್ನು ಬಳಸುವ ಬಾಸ್‌ನ ಮುಂದೆ ಸಿಗ್ನೆಟ್ ಆಫ್ ಕ್ಯಾಪ್ಚರ್ ಅನ್ನುವ ಸ್ಕಿಲ್ ಒಯ್ದು, ಅವನನ್ನು ಕೆಡವಿದ ಮೇಲೆ ಪಡೆಯಬೇಕು. ಎಲೀಟ್ ಯಾವುದೆಂದು ನಿಶ್ಚಯಿಸು, ಉಳಿದ ಏಳೂ ಅದರ ಸುತ್ತ ಹೆಣೆದುಕೊಳ್ಳಲಿ. ಕೊನೆಯ ಜಾಗ ಸತ್ತ ಜೊತೆಗಾರರನ್ನು ಎಬ್ಬಿಸುವ ಸಿಗ್ನೆಟ್‌ಗೆ. ಪಾರ್ಟಿಯಲ್ಲಿ ಎಬ್ಬಿಸುವವರು ಇನ್ಯಾರೋ ಇದ್ದಾರೆ ಅಂತ ಅದನ್ನು ಬಿಡಬೇಡ. ಆ ಇನ್ಯಾರೋ ಸತ್ತು ಬಿದ್ದ ದಿನ ಗೊತ್ತಾಗುತ್ತದೆ.

ನಡುವಿನ ಆರು ಜಾಗಗಳಲ್ಲಿ ಒಂದಕ್ಕೊಂದು ಅಡ್ಡ ಬರುವವು ಇರಬಾರದು. ಸ್ಟಾನ್ಸ್, ಅಂದರೆ ನಿಲುವಿನ ಸ್ಕಿಲ್, ಒಂದು ಹೊತ್ತಿಗೆ ಒಂದೇ ನಡೆಯುತ್ತದೆ, ಬಾಣವನ್ನು ಸಜ್ಜುಗೊಳಿಸುವ ಪ್ರಿಪರೇಶನ್ ಕೂಡ ಹಾಗೇ. ಆಯುಧದ ಹೊಡೆತಕ್ಕೆ ಅದೇ ಆಯುಧ ಕೈಯಲ್ಲಿರಬೇಕು. ಬಿಲ್ಲಿನ ಹೊಡೆತ, ಕತ್ತಿಯ ಹೊಡೆತ ಎರಡನ್ನೂ ಒಂದೇ ಪಟ್ಟಿಯಲ್ಲಿ ತುಂಬಿದರೆ ಯಾವಾಗಲೂ ಅರ್ಧ ಪಟ್ಟಿ ಮಲಗಿರುತ್ತದೆ.

ನಿನಗೆ ನಾನು ಕೊಡುವ ಎಂಟು ಇವು. ಎಲೀಟ್ ಬರ್ನಿಂಗ್ ಆ್ಯರೋ. ಮಂತ್ರ ಮುರಿಯಲು ಡಿಸ್ಟ್ರಾಕ್ಟಿಂಗ್ ಶಾಟ್ ಮತ್ತು ಸ್ಯಾವೇಜ್ ಶಾಟ್. ಬಾಣಕ್ಕೆ ವಿಷ ಸವರಲು ಅಪ್ಲೈ ಪಾಯ್ಸನ್. ನಿನ್ನ ಹೆಲ್ತ್‌ಗೆ ಟ್ರೋಲ್ ಅಂಗ್ವೆಂಟ್. ಓಡಲೂ ಪೆಟ್ಟು ತಪ್ಪಿಸಲೂ ನ್ಯಾಚುರಲ್ ಸ್ಟ್ರೈಡ್. ಎಬ್ಬಿಸುವ ಸಿಗ್ನೆಟ್. ಇವಿಷ್ಟು ಏಳು. ಎಂಟನೆಯದು ಮಾತ್ರ ಎರಡನೇ ವೃತ್ತಿಯಾದ ಮಾಂಕ್‌ನಿಂದ: ಮೆಂಡಿಂಗ್ ಟಚ್. ಹೌದು, ವಾರಿಯರ್‌ಗೆ ಬೇಡ ಅಂದ ಅದೇ ಮಾಂಕ್. ಆದರೆ ಈ ಸ್ಕಿಲ್ ನಿನ್ನ ಕೈಯಲ್ಲಿ ಹೇಗೆ ಕೂರುತ್ತದೆ ನೋಡು. ಇದು ಮುಟ್ಟಿ ಮಾಡುವ ಸ್ಕಿಲ್, ಆದ್ದರಿಂದ ಎಕ್ಸ್‌ಪರ್ಟೀಸ್‌ನ ರಿಯಾಯಿತಿ ಇದಕ್ಕೂ ಉಂಟು, 5 ಎನರ್ಜಿಯದು 3ಕ್ಕೆ ಇಳಿಯುತ್ತದೆ. ಕುರುಡು, ವಿಷ, ಕುಂಟು ಇಂಥ ಬಾಧೆಗಳಲ್ಲಿ ಎರಡನ್ನು ಒಮ್ಮೆಗೇ ತೆಗೆಯುತ್ತದೆ. ಆ ಎರಡು ಅನ್ನುವ ಸಂಖ್ಯೆ ನೀನು ಒಂದೂ ಪಾಯಿಂಟ್ ಹಾಕದಿದ್ದರೂ ಬದಲಾಗುವುದಿಲ್ಲ. ಬಿಲ್ಲುಗಾರ್ತಿಗೆ ಕುರುಡು ಬಡಿದರೆ ಹೆಚ್ಚಿನ ಬಾಣಗಳು ಗುರಿ ತಪ್ಪುತ್ತವೆ, ಅದಕ್ಕೆ ಇದೇ ಮದ್ದು. ಇದರ ಬದಲು ಮೆಂಡಿಂಗ್ ತಂದಿದ್ದರೆ ಅದೊಂದು ಎನ್‌ಚಾಂಟ್‌ಮೆಂಟ್, ಅದು ಮೈಮೇಲೆ ಬಿದ್ದ ಕ್ಷಣ ನ್ಯಾಚುರಲ್ ಸ್ಟ್ರೈಡ್ ನಿಂತುಹೋಗುತ್ತದೆ. ನಿನ್ನ 200 ಪಾಯಿಂಟ್ ಈ ಪಟ್ಟಿಗೆ ಬೇಕಾದ ಮೂರು ರೇಂಜರ್ ಗುಣಗಳಿಗೇ ಸಲ್ಲಲಿ. ಎರಡನೇ ವೃತ್ತಿಗೆ ಒಂದು ಜಾಗ, ಸೊನ್ನೆ ಪಾಯಿಂಟ್. ಅಷ್ಟು ಕೊಟ್ಟು ಇಷ್ಟು ಪಡೆಯುವುದು ಒಳ್ಳೆಯ ವ್ಯಾಪಾರ.

ಈ ಪಟ್ಟಿಯನ್ನು ನಾನು ಕೊಟ್ಟೆ ಅಂತ ಕಣ್ಣು ಮುಚ್ಚಿ ಹಾಕಿಕೊಳ್ಳಬೇಡ. ಬೇರೆಯವರ ಬಿಲ್ಡ್ ನಕಲು ಮಾಡುವುದರಲ್ಲಿ ತಪ್ಪೇನಿಲ್ಲ, ಆದರೆ ಒಂದೊಂದು ಸ್ಕಿಲ್ ಮೇಲೂ ಬೆರಳಿಟ್ಟು ಇದು ಇಲ್ಲಿ ಯಾಕೆ ಇದೆ ಅಂತ ಕೇಳಿಕೋ. ಉತ್ತರ ಹೊಳೆಯದ ಸ್ಕಿಲ್ ತೆಗೆದು ಬೇರೆ ಹಾಕಿ ನೋಡು. ಊರಿನೊಳಗೆ ಇರುವಷ್ಟು ಹೊತ್ತು ಸ್ಕಿಲ್‌ಗಳನ್ನೂ ಪಾಯಿಂಟ್‌ಗಳನ್ನೂ ಎಷ್ಟು ಸಲ ಬದಲಿಸಿದರೂ ದಂಡ ಇಲ್ಲ. ಪ್ರಯೋಗಕ್ಕೆ ಇಷ್ಟು ಧಾರಾಳವಾಗಿ ಬಾಗಿಲು ತೆರೆದಿಟ್ಟ ಆಟಗಳು ಕಡಿಮೆ.

ಪಾರ್ಟಿಯ ಮರ್ಯಾದೆಯೂ ಒಂದಿದೆ. ಆರಂಭದ ಊರುಗಳಲ್ಲಿ ನಾಲ್ವರು, ಮುಂದೆ ಸಾಮಾನ್ಯವಾಗಿ ಎಂಟು ಜನರವರೆಗೆ ಸೇರುತ್ತಾರೆ. ಎಂಟು ಜನ ಅಂದರೆ ಅರವತ್ತನಾಲ್ಕು ಸ್ಕಿಲ್. ಹೊರಡುವ ಮುಂಚೆ ಕಂಟ್ರೋಲ್ ಒತ್ತಿ ನಿನ್ನ ಸ್ಕಿಲ್‌ಗಳ ಮೇಲೆ ಕ್ಲಿಕ್ ಮಾಡು, ನೀನು ಏನು ತಂದಿದ್ದೀಯ ಅಂತ ಉಳಿದವರಿಗೆ ಕಾಣುತ್ತದೆ. ಅವರು ತಂದದ್ದನ್ನೂ ನೋಡು. ಬಾಧೆ ತೆಗೆಯುವವರು ಮೂವರಿದ್ದು ಮಂತ್ರ ಮುರಿಯುವವರು ಯಾರೂ ಇಲ್ಲ ಅಂತಾದರೆ, ಬದಲಿಸಿಕೊಳ್ಳುವವಳು ನೀನೇ ಆಗು. ಎಲ್ಲವನ್ನೂ ಒಬ್ಬನೇ ಮಾಡುತ್ತೇನೆ ಅನ್ನುವ ಹಟದಿಂದಲೇ ಆ ವಾರಿಯರ್ ಕೆಟ್ಟದ್ದು. ಗಾಯ ಮಾಯಿಸಲು ಹಿಂದೆ ಮಾಂಕ್ ನಿಂತಿದ್ದಾರೆ, ಅವರನ್ನು ನಂಬು. ಅವರ ಮೇಲೆ ಬರುವ ಮಂತ್ರವನ್ನು ಮುರಿಯುವವಳು ನೀನು, ಅವರು ನಿನ್ನನ್ನು ನಂಬಲಿ. ಗೆಳತಿಯರು ಪರೀಕ್ಷೆಯಲ್ಲಿ ಮುಳುಗಿದ ವಾರ ಕಂಪ್ಯೂಟರ್ ನಡೆಸುವ ಜೊತೆಗಾರರಾದ ಹೀರೋಗಳ ಜೊತೆ ಆಡು. ಅವರ ಎಂಟು ಜಾಗಗಳನ್ನೂ ನೀನೇ ತುಂಬಬೇಕಾದ್ದರಿಂದ ಬೇರೆ ವೃತ್ತಿಗಳ ಮರ್ಮ ಬೇಗ ತಿಳಿಯುತ್ತದೆ. ನಿನ್ನ ಪರೀಕ್ಷೆಯ ವಾರ ಮಾತ್ರ ಆಟವನ್ನೇ ತೆರೆಯಬೇಡ.

ನಿನ್ನ ಪತ್ರದ ಕೊನೆಯ ಸಾಲನ್ನು ನಾನು ಮರೆತಿಲ್ಲ. ಸ್ಟಾಟಿಸ್ಟಿಕ್ಸ್ ಜೊತೆಗೆ ತಳಿಶಾಸ್ತ್ರವನ್ನೂ ಓದಿಕೊಳ್ಳಬೇಕು ಅನ್ನಿಸಿದೆ, ಎರಡು ದೋಣಿಯ ಮೇಲೆ ಕಾಲಿಡಬೇಡ ಅಂತ ಅಮ್ಮ ಹೇಳುತ್ತಿದ್ದಾಳೆ ಅಂದಿದ್ದೀಯ. ಉತ್ತರ ನೀನು ದಿನಾ ಓಡಾಡುವ ಕ್ಯಾಂಪಸ್‌ನಲ್ಲೇ ಇದೆ. ಆಮ್ರಪಾಲಿ ಮನೆಯ ಮುಂದೆ ನಡೆದು ಹೋಗುತ್ತೀಯಲ್ಲ, ಅಲ್ಲಿ ವಾಸವಾಗಿದ್ದ ಪ್ರಶಾಂತಚಂದ್ರ ಮಹಾಲನೋಬಿಸ್ ಕೇಂಬ್ರಿಜ್‌ನಲ್ಲಿ ಓದಿದ್ದು ಭೌತಶಾಸ್ತ್ರ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ದಶಕಗಳ ಕಾಲ ಕಲಿಸಿದ್ದೂ ಅದನ್ನೇ. 1931ರ ಡಿಸೆಂಬರ್ 17ರಂದು ನೀನು ಓದುತ್ತಿರುವ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು ಅದೇ ಕಾಲೇಜಿನಲ್ಲಿ. ಭೌತಶಾಸ್ತ್ರಿಯ ಅಳತೆಯ ಶಿಸ್ತನ್ನು ಅವರು ಮನುಷ್ಯರ ಮೈಯಳತೆಗೆ, ಬೆಳೆಯ ಅಂದಾಜಿಗೆ ಒಯ್ದರು. ಎರಡು ಗುಂಪುಗಳ ನಡುವಿನ ಅಂತರ ಅಳೆಯಲು ಅವರು 1936ರಲ್ಲಿ ಕೊಟ್ಟ ಸೂತ್ರವನ್ನು ಇವತ್ತಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ.

ಅವರ ಬಳಿಗೆ 1941ರ ಜನವರಿಯಲ್ಲಿ ಬಂದು ಸೇರಿದವರು ಸಿ.ಆರ್. ರಾವ್. ತೆಲುಗು ಮನೆಯವರು, ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರಲ್ಲಿ. ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತ ಎಂ.ಎ. ಮುಗಿಸಿ ಕೆಲಸ ಹುಡುಕಿಕೊಂಡು ಕಲ್ಕತ್ತಾಗೆ ಬಂದರು, ಸ್ಟಾಟಿಸ್ಟಿಕ್ಸ್ ಕಲಿತರು. ಕಲಿತಾಗ ಗಣಿತವನ್ನು ಕೆಳಗಿಡಲಿಲ್ಲ. ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆಯನ್ನು ಬೆನ್ನುಹತ್ತಿ 1945ರಲ್ಲಿ ಕಲ್ಕತ್ತಾ ಮ್ಯಾಥಮ್ಯಾಟಿಕಲ್ ಸೊಸೈಟಿಯ ಬುಲೆಟಿನ್‌ನಲ್ಲಿ ಬರೆದ ಲೇಖನವೇ ಇವತ್ತು ನಿನ್ನ ಪಠ್ಯದಲ್ಲಿರುವ ಕ್ರಾಮರ್–ರಾವ್ ಮಿತಿಗೆ ಮೂಲ. ಮರುವರ್ಷ ಕೇಂಬ್ರಿಜ್‌ನ ಸಂಗ್ರಹಾಲಯಕ್ಕೆ ಹೋಗಿ ಹಳೆಯ ಅಸ್ಥಿಗಳ ಅಳತೆಗೆ ಮಹಾಲನೋಬಿಸ್ ಸೂತ್ರವನ್ನು ಹಚ್ಚಿದರು. 2023ರಲ್ಲಿ, 102ರ ವಯಸ್ಸಿನಲ್ಲಿ, ಸ್ಟಾಟಿಸ್ಟಿಕ್ಸ್‌ನ ಅಂತರರಾಷ್ಟ್ರೀಯ ಪ್ರಶಸ್ತಿ ಅವರಿಗೆ ಬಂತು. ಗಣಿತ ಅವರ ಮೊದಲ ವೃತ್ತಿ. ಮುಂದೆ ಹಿಡಿದದ್ದೆಲ್ಲ ಆ ಬಲದ ಮೇಲೆ ನಿಂತಿತು.

ಆದ್ದರಿಂದ ಅಮ್ಮನಿಗೆ ನಾನೇ ಹೇಳುತ್ತೇನೆ. ತಳಿಶಾಸ್ತ್ರ ಓದು. ಆದರೆ ಸ್ಟಾಟಿಸ್ಟಿಕ್ಸ್ ಕಷ್ಟವಾಯಿತು ಅಂತ ಅದರಿಂದ ತಪ್ಪಿಸಿಕೊಳ್ಳಲು ಓದಬೇಡ. ನಿನ್ನ ಕೈಯಲ್ಲಿರುವ ಲೆಕ್ಕ ಅಲ್ಲಿ ಏನನ್ನು ಬಿಡಿಸಬಲ್ಲದು ಅಂತ ನೋಡಲು ಓದು. ಮೊದಲನೆಯದನ್ನು ಗಟ್ಟಿ ಮಾಡಿಕೊಂಡವಳಿಗೆ ಎರಡನೆಯದು ಭಾರವಾಗುವುದಿಲ್ಲ.

ಸದ್ಯಕ್ಕೆ ಈ ಶನಿವಾರ ಪಾರ್ಟಿ ಹೊರಡುವ ಮುಂಚೆ ಎರಡನೇ ವೃತ್ತಿಯಿಂದ ತಂದ ಪ್ರತಿ ಸ್ಕಿಲ್‌ಗೂ ಎರಡು ಪ್ರಶ್ನೆ ಹಾಕು: ನನ್ನ ಮೂಲಗುಣ ಇದಕ್ಕೆ ನೆರವಾಗುತ್ತದೆಯೇ? ಪಾಯಿಂಟ್ ಹಾಕದಿದ್ದರೂ ಇದು ಕೆಲಸ ಮಾಡುತ್ತದೆಯೇ? ಎರಡರಲ್ಲಿ ಒಂದಕ್ಕಾದರೂ ಹೌದು ಅನ್ನುವ ಉತ್ತರ ಬರದಿದ್ದರೆ, ಅದು ಎಷ್ಟೇ ಚೆಂದ ಕಂಡರೂ ಊರಿನಲ್ಲೇ ಬಿಟ್ಟು ಹೊರಡು.